ಚೌಕಿಗೆ ನೀರು ಏರುವುದು ಎಷ್ಟು ಗಂಟೆಗೆ?

ಮುಂಗಾರಿನ ಮೊದಲ ಜೋರು ಮಳೆ ಹೊಡೆದ ಮರುದಿನ ಮಂಗಳೂರಿನ ಪತ್ರಿಕೆಗಳಲ್ಲಿ ಕೊಟ್ಟಾರ ಚೌಕಿಯ ಫೋಟೊ ಬಂದೇ ಬರುತ್ತದೆ. ಹೆದ್ದಾರಿ 66ರ ಮೇಲ್ಸೇತುವೆಯಲ್ಲಿ ಬಸ್ಸುಗಳು ಆರಾಮಾಗಿ ಓಡುತ್ತಿರುತ್ತವೆ. ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಯಾರೋ ಪ್ಯಾಂಟು ಮಡಚಿ ಸ್ಕೂಟರ್ ತಳ್ಳುತ್ತಿರುತ್ತಾರೆ, ಅಂಗಡಿಯವರು ಕೆಳಸಾಲಿನ ಸಾಮಾನನ್ನು ಮೇಲಿನ ಅಟ್ಟಕ್ಕೆ ಏರಿಸುತ್ತಿರುತ್ತಾರೆ. 2018ರ ಮೇ 29ರ ಮಳೆಗೆ ನಗರದ ತಗ್ಗು ಜಾಗಗಳೆಲ್ಲ ನೀರಲ್ಲಿ ನಿಂತ ಮೇಲಂತೂ ಚೌಕಿಯ ನೆರೆ ಎಂಬುದು ಸುದ್ದಿಗಷ್ಟೇ ಅಲ್ಲ, ಕಾಲೇಜಿನ ಪ್ರಾಜೆಕ್ಟಿಗೂ ಸಿದ್ಧವಸ್ತುವಾಗಿಬಿಟ್ಟಿದೆ.

ಕೊಟ್ಟಾರದಲ್ಲೇ ಮನೆಯಿರುವ ಒಬ್ಬ ವಿದ್ಯಾರ್ಥಿನಿ ಎಂದುಕೊಳ್ಳಿ. ಕೊನೆಯ ವರ್ಷ. ಪ್ರಾಜೆಕ್ಟಿಗೆ ವಿಷಯ ಕೊಡಲು ಒಂದು ವಾರ ಉಳಿದಿದೆ. ಮನೆಯ ಮುಂದೆಯೇ ನೀರು ನಿಲ್ಲುವಾಗ ಬೇರೆ ಕಡೆ ಯಾಕೆ ಹುಡುಕಬೇಕು? ಅವಳು ಬಿಳಿ ಹಾಳೆಯ ಮೇಲೆ ಬರೆದುಕೊಂಡು ಹೋಗುತ್ತಾಳೆ: ‘ಕೊಟ್ಟಾರ ಚೌಕಿಯಲ್ಲಿ ಕೃತಕ ನೆರೆ: ಕಾರಣಗಳು ಮತ್ತು ಪರಿಹಾರಗಳು — ಒಂದು ಅಧ್ಯಯನ’. ಗೈಡ್ ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ.

‘ಕಾರಣ ಎಂತದು ಅಂತ ಗೊತ್ತುಂಟಾ ನಿಂಗೆ?’

‘ಗೊತ್ತುಂಟು ಸರ್. ರಾಜಕಾಲುವೆ ಒತ್ತುವರಿ, ಹೂಳು, ಪ್ಲಾಸ್ಟಿಕ್, ಎಲ್ಲ ಕಡೆ ಕಾಂಕ್ರೀಟು.’

‘ಪರಿಹಾರ?’

‘ಒತ್ತುವರಿ ತೆರವು, ಹೂಳೆತ್ತುವುದು, ಜನರಲ್ಲಿ ಜಾಗೃತಿ.’

‘ಮತ್ತೆ ಅಧ್ಯಯನ ಎಂತಕ್ಕೆ ಮಾರಾಯ್ತಿ? ಎಲ್ಲ ಗೊತ್ತುಂಟಲ್ಲ!’

ಈ ಮಾತುಕತೆ ನನ್ನ ಕಲ್ಪನೆ. ಆದರೆ ಇಂಥ ಶೀರ್ಷಿಕೆಗಳು ಕಲ್ಪನೆಯಲ್ಲ. ಯಾವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಾದರೂ ಪ್ರಬಂಧಗಳ ಕಪಾಟಿನ ಮುಂದೆ ನಿಂತು ಬೆನ್ನುಗಳನ್ನು ಓದುತ್ತ ಹೋಗಿ. ‘ಸಮಸ್ಯೆಗಳು ಮತ್ತು ಸವಾಲುಗಳು’, ‘ಬದುಕು-ಬರಹ’, ‘ಅರಿವು ಮತ್ತು ಮನೋಭಾವ’, ‘ದಕ್ಷಿಣ ಕನ್ನಡ ಜಿಲ್ಲೆಯನ್ನು ಅನುಲಕ್ಷಿಸಿ’. ಒಳಗೆ ಎರಡು ವರ್ಷದ ದುಡಿಮೆ ಇರುತ್ತದೆ, ಅದರಲ್ಲಿ ಸಂಶಯವಿಲ್ಲ. ಇಲ್ಲದ್ದು ಇಷ್ಟೇ: ಬರೆದವರಿಗೆ ಕೆಲಸ ಶುರುಮಾಡುವಾಗ ಗೊತ್ತಿಲ್ಲದ, ಮುಗಿಸುವಾಗ ಗೊತ್ತಾದ ಒಂದು ಸಂಗತಿ.

ಸಂಶೋಧನೆಗೆ ಬೇಕಾದ ಸಮಸ್ಯೆ ಎಂದರೆ ಊರಿಗೆ ತೊಂದರೆ ಕೊಡುವ ಸಂಗತಿ ಎಂದೇ ನಮ್ಮಲ್ಲಿ ಬಹಳಷ್ಟು ಮಂದಿ ತಿಳಿದಿದ್ದಾರೆ. ನೆರೆ, ಕಸ, ಮಲೇರಿಯಾ, ಟ್ರಾಫಿಕ್. ಊರಿನ ತೊಂದರೆ ಸಂಶೋಧನೆಗೆ ಒಳ್ಳೆಯ ಬಾಗಿಲು, ಅಷ್ಟೇ. ಒಳಗೆ ಹೋದ ಮೇಲೆ ಇನ್ನೊಂದು ಬೇಕು: ಇಬ್ಬರು ತಿಳಿದವರು ಎರಡು ಬೇರೆ ಉತ್ತರ ಹೇಳಬಹುದಾದ, ಮತ್ತು ಯಾರದು ಸರಿ ಎಂದು ನೋಡಿಯೋ ಅಳೆದೋ ಓದಿಯೋ ತೀರ್ಮಾನಿಸಬಹುದಾದ ಒಂದು ಪ್ರಶ್ನೆ. ನಮ್ಮ ವಿದ್ಯಾರ್ಥಿನಿ ಶೀರ್ಷಿಕೆಯಲ್ಲೇ ‘ಕೃತಕ’ ಎಂದು ಬರೆದಾಗ ತೀರ್ಪು ಮೊದಲೇ ಆಗಿಹೋಯಿತು. ಇನ್ನು ಅವಳು ಹುಡುಕುವುದು ಆ ತೀರ್ಪಿಗೆ ಒಪ್ಪುವ ಸಾಕ್ಷಿಗಳನ್ನು ಮಾತ್ರ.

ಹಾಗಾದರೆ ಅವಳು ಎಂತ ಕೇಳಬೇಕು? ಚೌಕಿಯ ಭೂಗೋಳವನ್ನು ಸ್ವಲ್ಪ ನೋಡೋಣ. ಕೊಟ್ಟಾರ ತಗ್ಗು ಜಾಗ. ಮೇಲಿನ ಗುಡ್ಡಗಳಿಂದ ಇಳಿದ ನೀರು ತೋಡುಗಳಲ್ಲಿ ಕೂಡಿಕೊಂಡು ಇಲ್ಲಿಗೆ ಬರುತ್ತದೆ, ಇಲ್ಲಿಂದ ಫಲ್ಗುಣಿ ನದಿಯ ಕಡೆಗೆ ಹೋಗಬೇಕು. ಕೂಳೂರಿನ ಸೇತುವೆ ದಾಟುವಾಗ ಕೆಳಗೆ ಕಾಣುವುದು ಇದೇ ಫಲ್ಗುಣಿ, ಗುರುಪುರ ನದಿ ಎಂತಲೂ ಹೇಳುತ್ತಾರೆ. ಸಮುದ್ರ ಇಲ್ಲಿಂದ ಹತ್ತಿರ. ಮರವೂರಿನ ಕಿಂಡಿ ಅಣೆಕಟ್ಟಿನ ಕೆಳಗೆ ಈ ನದಿಯಲ್ಲಿ ಕಡಲಿನ ಉಬ್ಬರ ಇಳಿತ ಓಡಾಡುತ್ತದೆ. ಎಂದರೆ ಚೌಕಿಯ ನೀರು ಹೊರಗೆ ಹೋಗಬೇಕಾದ ದಾರಿಯ ಕೊನೆಯಲ್ಲಿರುವ ನದಿಯ ಮಟ್ಟವೇ ದಿನಕ್ಕೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ.

ಈಗ ಒಂದು ಸಂದೇಹ ಹುಟ್ಟುತ್ತದೆ. ಚೌಕಿಯಲ್ಲಿ ನೀರು ರಸ್ತೆಗೆ ಏರುವುದು ಮಳೆಯ ಜೋರಿನಿಂದ ಮಾತ್ರವೋ, ಅಥವಾ ಆ ಮಳೆ ಉಬ್ಬರದ ಹೊತ್ತಿಗೆ ಬಿದ್ದದ್ದರಿಂದಲೋ? ಒಂದು ಗಂಟೆಯಲ್ಲಿ ಅಷ್ಟೇ ಮಳೆ ಇಳಿತದ ಹೊತ್ತಿಗೆ ಬಿದ್ದರೆ ನೀರು ಹರಿದುಹೋಗುತ್ತದೆಯೇ?

ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ, ಗೈಡಿಗೂ ಗೊತ್ತಿರಲಿಕ್ಕಿಲ್ಲ. ಅದೇ ಒಳ್ಳೆಯ ಲಕ್ಷಣ. ‘ಹೂಳೇ ಕಾರಣ’ ಎನ್ನುವ ಅಂಗಡಿಯವರು ಒಂದು ಕಡೆ, ‘ಉಬ್ಬರ ಇದ್ದರೆ ಯಾವ ಕಾಲುವೆಯಿಂದಲೂ ಪ್ರಯೋಜನ ಇಲ್ಲ’ ಎನ್ನುವ ಹಿರಿಯ ಮೀನುಗಾರರು ಇನ್ನೊಂದು ಕಡೆ ಇರಬಹುದು. ಇಬ್ಬರೂ ಸುಳ್ಳಾಡುವವರಲ್ಲ. ಯಾರು ಎಷ್ಟು ಸರಿ ಎಂದು ಹೇಳಲು ದಾರಿ ಉಂಟು. ಉಬ್ಬರದ ಹೊತ್ತು ಪ್ರತಿದಿನ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಜರುಗುತ್ತದೆ. ಮಳೆಗೆ ಆ ಲೆಕ್ಕ ಗೊತ್ತಿಲ್ಲ, ಅದು ತನಗೆ ಬೇಕಾದಾಗ ಬೀಳುತ್ತದೆ. ಹಾಗಾಗಿ ಒಂದು ಮಳೆಗಾಲದಲ್ಲಿ ಕೆಲವು ಜೋರು ಮಳೆ ಉಬ್ಬರಕ್ಕೂ ಕೆಲವು ಇಳಿತಕ್ಕೂ ತಾವಾಗಿಯೇ ಹಂಚಿಹೋಗುತ್ತವೆ. ಯಾವ ಪ್ರಯೋಗಶಾಲೆಯೂ ಕೊಡಲಾಗದ ವ್ಯವಸ್ಥೆಯನ್ನು ಕಡಲು ಮತ್ತು ಮೋಡ ಪುಕ್ಕಟೆ ಮಾಡಿಕೊಟ್ಟಿವೆ.

ಮಾಹಿತಿಯೂ ಕೈಗೆ ಎಟಕುವಂಥದ್ದು. ಉಬ್ಬರದ ವೇಳಾಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಮೊದಲೇ ಪ್ರಕಟಿಸುತ್ತದೆ, ಪಣಂಬೂರಿನ ಬಂದರು ಪಕ್ಕದಲ್ಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ನೀರು ಏರಿದ ಹೊತ್ತು? ಅದಕ್ಕೆ ಚೌಕಿಯ ಅಂಗಡಿಗಳ ಸಿಸಿಟಿವಿ ಇದೆ, ಮೂಲೆಯಲ್ಲಿ ಗಂಟೆ-ನಿಮಿಷ ಬರೆದುಕೊಂಡೇ ಇರುತ್ತದೆ. ಅಂಗಡಿಯ ಮೆಟ್ಟಿಲುಗಳ ಎತ್ತರವನ್ನು ಒಮ್ಮೆ ಟೇಪು ಹಿಡಿದು ಅಳೆದಿಟ್ಟರೆ ಅವೇ ಅಳತೆಗೋಲು. ‘ಅಣ್ಣಾ, ನಿನ್ನೆ ನೀರು ಎಷ್ಟನೇ ಮೆಟ್ಟಿಲಿಗೆ ಬಂದದ್ದು, ಎಷ್ಟು ಗಂಟೆಗೆ?’ ಎಂದು ಕೇಳಲು ಯಾವ ಅನುದಾನವೂ ಬೇಡ. ಅಂಗಡಿಯವರಿಗೆ ಎಂತಕ್ಕೆ ಎಂದು ಹೇಳಿ, ಒಪ್ಪಿಗೆ ಪಡೆದು, ಕ್ಯಾಮೆರಾದಲ್ಲಿ ಸಿಕ್ಕ ಗಿರಾಕಿಗಳ ಮುಖ ಎಲ್ಲಿಯೂ ಬಾರದಂತೆ ನೋಡಿಕೊಳ್ಳಬೇಕು, ಅಷ್ಟೇ.

ಇಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಜಾರುವ ಒಂದು ಜಾಗ ಇದೆ. ಅವಳು ನೆರೆ ಬಂದ ದಿನಗಳನ್ನು ಮಾತ್ರ ಬರೆದುಕೊಂಡರೆ ಏನೂ ಗೊತ್ತಾಗುವುದಿಲ್ಲ. ನೆರೆ ಬಂದ ಆರು ದಿನಗಳಲ್ಲಿ ನಾಲ್ಕು ದಿನ ಉಬ್ಬರ ಇತ್ತು ಎಂದು ತೋರಿಸಿದರೆ, ಪರೀಕ್ಷಕರು ಸಹಜವಾಗಿ ಕೇಳುತ್ತಾರೆ: ಉಬ್ಬರವೂ ಇದ್ದು, ಜೋರು ಮಳೆಯೂ ಇದ್ದು, ನೀರು ಏರದ ದಿನ ಎಷ್ಟು? ನೀರು ಏರದ ಮಳೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಬೇಕು. ಫೋಟೊ ಬಾರದ ದಿನಗಳು ಅವು, ಯಾರಿಗೂ ನೆನಪಿರುವುದಿಲ್ಲ. ಉತ್ತರ ಅಡಗಿರುವುದು ಅಲ್ಲೇ. ಇನ್ನೊಂದು ತೊಡಕೂ ಉಂಟು. ದೊಡ್ಡ ನೆರೆ ಬಂದ ಮರುದಿನ ಪಾಲಿಕೆಯವರು ಜೆಸಿಬಿ ತಂದು ತೋಡು ಬಿಡಿಸುತ್ತಾರೆ. ಆಮೇಲಿನ ಮಳೆಗಳನ್ನು ಮೊದಲಿನ ಮಳೆಗಳ ಜೊತೆ ಒಂದೇ ಪಟ್ಟಿಯಲ್ಲಿ ಸೇರಿಸಬಹುದೇ? ಸೇರಿಸಬಾರದು, ಅಥವಾ ಹೂಳೆತ್ತಿದ ತಾರೀಕನ್ನೂ ಬರೆದಿಟ್ಟು ಬೇರೆಬೇರೆ ನೋಡಬೇಕು. ಹಾಗೆ ನೋಡಿದರೆ ‘ಹೂಳೇ ಕಾರಣ’ ಎನ್ನುವವರ ವಾದಕ್ಕೂ ಒಂದು ಪರೀಕ್ಷೆ ತಾನಾಗಿ ಸಿಗುತ್ತದೆ.

ಹೋಲಿಸಲು ಇನ್ನೊಂದು ಗುಂಪು ಬೇಕು ಎಂಬುದು ಪುಸ್ತಕದ ಮಾತಿನಂತೆ ಕೇಳಿಸಬಹುದು. ಮಂಗಳೂರಿನಿಂದ ತೆಂಕಣಕ್ಕೆ ಗಡಿ ದಾಟಿದರೆ ಸಿಗುವ ಪಡ್ರೆಯಲ್ಲಿ ಅದರ ಬೆಲೆ ಏನೆಂದು ಗೊತ್ತಾಗುತ್ತದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಈ ಊರಿನ ಸುತ್ತಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿದ್ದವು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರರಿಗೆ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬಗೆಯ ಕಾಯಿಲೆಗಳು ಕಾಣಿಸಿಕೊಂಡದ್ದು ಸಹಜ ಅನ್ನಿಸಲಿಲ್ಲ. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1979ರಷ್ಟು ಹಿಂದೆಯೇ ಸಿಂಪಡಣೆಯ ಬಗ್ಗೆ ಬರೆದಿದ್ದರು.

ಆಗ ಊರಲ್ಲಿ ದುಃಖ ಬೇಕಾದಷ್ಟು ಇತ್ತು, ಸಿಟ್ಟೂ ಇತ್ತು. ಅವೆರಡೂ ನ್ಯಾಯವಾದುವೇ. ಆದರೆ ‘ಎಂಡೋಸಲ್ಫಾನಿನಿಂದ ಪಡ್ರೆಯ ಜನರ ಮೇಲಾದ ದುಷ್ಪರಿಣಾಮಗಳು’ ಎಂದು ಹೊರಟಿದ್ದರೆ ಕಂಪನಿಯ ಪರ ವಕೀಲರಿಗೆ ಅದನ್ನು ತಳ್ಳಿಹಾಕುವುದು ಕಷ್ಟವಿರಲಿಲ್ಲ. ಈ ಕಾಯಿಲೆಗಳು ಬೇರೆ ಊರಲ್ಲಿ ಇಲ್ಲವೇ ಎಂದು ಕೇಳಿದ್ದರೆ ಸಾಕಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 2001ರಲ್ಲಿ ಇಲ್ಲಿಗೆ ಬಂದು ಹಲವು ಬಗೆಯ ತಪಾಸಣೆ ಮಾಡಿತು. ಅದರಲ್ಲಿ ಒಂದು ಎಳೆಯನ್ನು ಮಾತ್ರ ಹಿಡಿದು ಅವರು 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಎಳೆ ಬಹಳ ಸಣ್ಣದು: ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿದೆಯೇ?

ಅದೇ ಯಾಕೆ? ಇಲಿಗಳ ಮೇಲಿನ ಹಿಂದಿನ ಪ್ರಯೋಗಗಳಲ್ಲಿ ಈ ಕೀಟನಾಶಕ ಗಂಡು ಇಲಿಗಳ ಸಂತಾನಾಂಗಗಳಿಗೆ ತೊಂದರೆ ಕೊಟ್ಟದ್ದು ಕಂಡುಬಂದಿತ್ತು. ಮನುಷ್ಯರಲ್ಲಿ ಯಾರೂ ನೋಡಿರಲಿಲ್ಲ. ಪಡ್ರೆಯ 117 ಶಾಲಾ ಹುಡುಗರು ಒಂದು ಗುಂಪು, ಸುಮಾರು 20 ಕಿಲೋಮೀಟರ್ ಆಚೆ, ಸಿಂಪಡಣೆ ನಡೆಯದ ಊರಿನ 90 ಹುಡುಗರು ಇನ್ನೊಂದು ಗುಂಪು. ವಯಸ್ಸು 10ರಿಂದ 19. ಎರಡೂ ಕಡೆ ಅದೇ ಪರೀಕ್ಷೆ, ಅದೇ ರಕ್ತದ ತಪಾಸಣೆ. ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಶತಕೋಟಿಯಲ್ಲಿ 7.47 ಭಾಗ, ಇನ್ನೊಂದು ಊರಿನಲ್ಲಿ 1.37. ಪ್ರಾಯಕ್ಕೆ ಬರುವ ಬೆಳವಣಿಗೆ ಪಡ್ರೆಯಲ್ಲಿ ತಡವಾಗಿತ್ತು, ಪುರುಷ ಹಾರ್ಮೋನಿನ ಮಟ್ಟದಲ್ಲೂ ವ್ಯತ್ಯಾಸವಿತ್ತು.

ಆ ಪ್ರಬಂಧದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಾಲು. ವೃಷಣ ಕೆಳಗಿಳಿಯುವುದಕ್ಕೆ ಸಂಬಂಧಿಸಿದ ಜನ್ಮದೋಷಗಳು ಪಡ್ರೆಯಲ್ಲಿ ನೂರಕ್ಕೆ 5.1, ಇನ್ನೊಂದು ಊರಿನಲ್ಲಿ 1.1. ಓದಿದ ಕೂಡಲೇ ಐದು ಪಟ್ಟು ಎಂದು ಕೂಗಬೇಕೆನಿಸುತ್ತದೆ. ಲೇಖಕರು ಕೂಗಲಿಲ್ಲ. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಲ್ಲ ಎಂದು ಬರೆದರು. ಕೀಟನಾಶಕ ಉದ್ಯಮದ ಕಡೆಯಿಂದ ಆ ಪ್ರಬಂಧಕ್ಕೆ ಆಕ್ಷೇಪಗಳು ಬಂದವು, ಚರ್ಚೆ ನಡೆಯಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಒಂದು ಪ್ರಬಂಧದಿಂದಲೇ ಇದೆಲ್ಲ ಆಯಿತೆಂದು ಹೇಳಿದರೆ ಹೋರಾಟ ಮಾಡಿದವರಿಗೆ ಅನ್ಯಾಯ. ಆದರೆ ಹೋರಾಟದ ಕೈಯಲ್ಲಿ ಆ ಎರಡನೆಯ ಊರು ಇಲ್ಲದಿದ್ದರೆ ವಾದ ಎಷ್ಟು ದುರ್ಬಲವಾಗಿರುತ್ತಿತ್ತು ಎಂದು ಯೋಚಿಸಬಹುದು.

ಎಲ್ಲ ಒಳ್ಳೆಯ ಪ್ರಶ್ನೆಗಳೂ ಎರಡು ಗುಂಪು ಮಾಡಿ ಅಳೆಯುವಂಥವೇ ಆಗಬೇಕಿಲ್ಲ. ಸಮಾಜಶಾಸ್ತ್ರ, ಸಾಹಿತ್ಯದ ವಿದ್ಯಾರ್ಥಿಗಳು ಇಷ್ಟು ಓದಿ ‘ಇದು ವಿಜ್ಞಾನದವರ ಕಥೆ’ ಎಂದು ಪುಟ ತಿರುಗಿಸದಿರಲಿ ಎಂದು ಮೈಸೂರಿನ ಎಂ.ಎನ್. ಶ್ರೀನಿವಾಸರನ್ನು ನೆನೆಯುತ್ತೇನೆ. ಅವರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಕೊಡವರ ಬಗ್ಗೆ ಪಿಎಚ್‌.ಡಿ. ಮಾಡಿದರು. ಕೊಡಗಿನಲ್ಲಿ ಓಡಾಡಿ ಸಂಗ್ರಹಿಸಿದ್ದೆಲ್ಲ ಆ ದಪ್ಪ ಪ್ರಬಂಧದಲ್ಲಿ ಸೇರಿಕೊಂಡಿತು: ಮದುವೆ, ಸಾವು, ಒಕ್ಕ (ಮನೆತನ), ಹಬ್ಬ, ಕಟ್ಟುಪಾಡು. ಮಾಹಿತಿಗೆ ಕೊರತೆಯಿರಲಿಲ್ಲ.

1945ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಗುರು ರ‍್ಯಾಡ್‌ಕ್ಲಿಫ್-ಬ್ರೌನ್. ಶ್ರೀನಿವಾಸರ ತಲೆಯಲ್ಲಿ ಬೇರೆಯೇ ಯೋಜನೆ ಇತ್ತು. ಗುರು ಅದನ್ನು ಬದಿಗಿಟ್ಟು, ಕೊಡಗಿನ ಮಾಹಿತಿಯನ್ನೇ ಮತ್ತೆ ಬಿಚ್ಚಿ ಕೂರುವಂತೆ ಸೂಚಿಸಿದರು. ಹೊಸದಾಗಿ ಕ್ಷೇತ್ರಕಾರ್ಯ ಬೇಡ. ಹೊಸತಾಗಿ ಬೇಕಾದ್ದು ಒಂದು ಪ್ರಶ್ನೆ ಮಾತ್ರ: ಕೊಡವರ ಆಚರಣೆಗಳಿಗೂ ಅವರ ಸಮಾಜದ ಕಟ್ಟಿಗೂ ಇರುವ ನಂಟು ಎಂಥದ್ದು? ಯಾವ ಆಚರಣೆ ಒಕ್ಕವನ್ನು ಒಟ್ಟಿಗೆ ಹಿಡಿಯುತ್ತದೆ, ಯಾವುದು ಊರನ್ನು, ಯಾವುದು ನಾಡನ್ನು? ಅದೇ ಟಿಪ್ಪಣಿಗಳು, ಅದೇ ಹಬ್ಬಗಳು. ಈಗ ಅವು ಒಂದರ ಪಕ್ಕ ಒಂದು ಸುಮ್ಮನೆ ಬಿದ್ದಿರಲಿಲ್ಲ, ಒಂದಕ್ಕೊಂದು ಸಾಕ್ಷಿ ಹೇಳತೊಡಗಿದವು. 1952ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸದಿಂದಲೇ ‘ಸಂಸ್ಕೃತೀಕರಣ’ ಎಂಬ ಕಲ್ಪನೆ ಜಗತ್ತಿನ ಸಮಾಜಶಾಸ್ತ್ರಕ್ಕೆ ಪರಿಚಯವಾಯಿತು. ಮುಂಬಯಿಯ ಪ್ರಬಂಧವನ್ನು ಇವತ್ತು ಹುಡುಕಿ ಓದುವವರು ಕಡಿಮೆ.

ಗೈಡ್ ಆದವರು ಮಾಡಬೇಕಾದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಸಂಗವನ್ನು ತೋರಿಸುತ್ತೇನೆ. ಶಿಷ್ಯ ತಂದ ಮೂಟೆಯನ್ನು ಎಸೆಯಲಿಲ್ಲ, ತನ್ನ ಮೂಟೆಯನ್ನು ಅವನ ತಲೆಗೆ ಹೊರಿಸಲೂ ಇಲ್ಲ. ನಮ್ಮಲ್ಲಿ ಎರಡೂ ನಡೆಯುತ್ತವೆ. ಗೈಡಿನ ಹಳೆಯ ವಿಷಯದ ತಾಲೂಕು ಮಾತ್ರ ಬದಲಾಯಿಸಿ ಶಿಷ್ಯರಿಗೆ ಹಂಚುವುದು ಎಷ್ಟು ಸಾಮಾನ್ಯ ಎಂದರೆ ಒಂದೇ ಪ್ರಶ್ನಾವಳಿ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಎಂದು ಪ್ರವಾಸ ಮಾಡುತ್ತಿರುತ್ತದೆ.

ಸಾಹಿತ್ಯದ ಕಡೆ ಒಂದು ಉದಾಹರಣೆ ನೋಡೋಣ. ‘ಪಂಜೆ ಮಂಗೇಶರಾಯರ ಬದುಕು-ಬರಹ’ ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮೇಷ್ಟ್ರಾಗಿ, ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದ ಪಂಜೆಯವರು ಮಕ್ಕಳಿಗೆ ಪದ್ಯ ಬರೆದರು, ಶಾಲೆಯ ಪಠ್ಯಕ್ಕೂ ಬರೆದರು. ಅವರ ಪದ್ಯಗಳಲ್ಲಿ ಕರಾವಳಿಯ ಆಡುಮಾತು ಎಲ್ಲೆಲ್ಲಿ ನುಸುಳಿದೆ? ಪಠ್ಯಪುಸ್ತಕಕ್ಕೆ ಆಯ್ಕೆಯಾದ ಪದ್ಯಗಳಲ್ಲಿ ಅದು ಕಡಿಮೆಯೇ? ಕಡಿಮೆಯಿದ್ದರೆ ಪಂಜೆಯವರೇ ಹಾಗೆ ಬರೆದರೋ, ಪಠ್ಯ ಆರಿಸಿದವರು ಅಂಥವನ್ನೇ ಹೆಕ್ಕಿದರೋ? ಈ ಪ್ರಶ್ನೆಗೆ ‘ಇಲ್ಲ, ಹಾಗೇನೂ ವ್ಯತ್ಯಾಸವಿಲ್ಲ’ ಎಂಬ ಉತ್ತರ ಬಂದರೂ ಅದು ಹೊಸ ತಿಳಿವಳಿಕೆಯೇ. ‘ಬದುಕು-ಬರಹ’ಕ್ಕೆ ಇಲ್ಲ ಎಂಬ ಉತ್ತರ ಬರಲು ಸಾಧ್ಯವೇ ಇಲ್ಲ.

ಮಲೇರಿಯಾಕ್ಕೆ ಬರೋಣ, ಮಂಗಳೂರಿನ ಪ್ರಬಂಧಗಳ ಬಗ್ಗೆ ಬರೆಯುತ್ತ ಅದನ್ನು ಬಿಡುವುದು ಹೇಗೆ? 1990ರ ದಶಕದಿಂದ ಈ ನಗರವನ್ನು ಅದು ಕಾಡಿದೆ. ಕಟ್ಟಡ ಕಟ್ಟುವ ಜಾಗಗಳಲ್ಲಿ ನಿಂತ ನೀರು, ತಾರಸಿಯ ಟ್ಯಾಂಕಿ, ಅದರಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ, ಊರಿಂದೂರಿಗೆ ಬರುವ ಕಾರ್ಮಿಕರು. ವೈದ್ಯಕೀಯ, ನರ್ಸಿಂಗ್, ಸಮಾಜಕಾರ್ಯ ಕಾಲೇಜುಗಳು ಇಷ್ಟೊಂದು ಇರುವ ಊರಿನಲ್ಲಿ ‘ಮಲೇರಿಯಾ ಬಗ್ಗೆ ಕಟ್ಟಡ ಕಾರ್ಮಿಕರಲ್ಲಿ ಅರಿವು’ ಎಂಬ ಪ್ರಶ್ನಾವಳಿ ಹಿಡಿದ ವಿದ್ಯಾರ್ಥಿಯನ್ನು ಕಾಣದ ಸೈಟು ಇರಲಿಕ್ಕಿಲ್ಲ. ‘ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ನಿಮಗೆ ಗೊತ್ತೇ?’ ಎಂದು ಹಿಂದಿಯಲ್ಲಿ ಕೇಳುತ್ತಾರೆ, ಕಾರ್ಮಿಕ ಕೆಲಸ ಬಿಟ್ಟು ನಿಂತು ‘ಹಾಂ’ ಎನ್ನುತ್ತಾನೆ. ನೂರಕ್ಕೆ ಇಂತಿಷ್ಟು ಮಂದಿಗೆ ಅರಿವಿದೆ, ಇನ್ನೂ ಅರಿವು ಮೂಡಿಸಬೇಕು ಎಂದು ಮುಗಿಯುತ್ತದೆ. ಗೊತ್ತಿದ್ದೂ ಅವನಿಗೆ ಮಲೇರಿಯಾ ಬರುವುದು ಹೇಗೆ ಎಂಬುದೇ ಅಲ್ಲಿ ಕೇಳಬೇಕಾದ್ದು. ಜ್ವರ ಶುರುವಾದ ಎಷ್ಟು ದಿನಕ್ಕೆ ಅವನು ರಕ್ತಪರೀಕ್ಷೆಗೆ ಹೋದ? ತಡವಾಗಿದ್ದರೆ ತಡೆದದ್ದು ಯಾವುದು: ಒಂದು ದಿನದ ಕೂಲಿ ಹೋಗುವ ಭಯವೋ, ಮೇಸ್ತ್ರಿಯೋ, ಎಲ್ಲಿ ಹೋಗಬೇಕೆಂದು ಗೊತ್ತಿಲ್ಲದ್ದೋ? 2015ರಲ್ಲಿ ಮಂಗಳೂರು ಮಲೇರಿಯಾ ಪ್ರಕರಣಗಳನ್ನು ಟ್ಯಾಬ್ಲೆಟ್ಟಿನಲ್ಲಿ ದಾಖಲಿಸಿ ಬೆನ್ನಟ್ಟುವ ವ್ಯವಸ್ಥೆ ತಂದಿತು. ರೋಗ ಪತ್ತೆಯಾದ ಮೇಲಿನ ಓಟ ಅದು. ಪತ್ತೆಯಾಗುವ ಮುಂಚಿನ ಆ ಕೆಲವು ದಿನಗಳನ್ನು ಒಬ್ಬ ವಿದ್ಯಾರ್ಥಿ ತನ್ನ ಕೈಯಳತೆಯಲ್ಲೇ ನೋಡಬಹುದು. ಅದೂ ಪ್ರಶ್ನಾವಳಿಯೇ. ಆದರೆ ಈ ಸಲ ಕಾರ್ಮಿಕ ಪರೀಕ್ಷೆ ಬರೆಯುತ್ತಿಲ್ಲ, ಕೇಳುವವರಿಗೆ ಗೊತ್ತಿಲ್ಲದ್ದನ್ನು ಹೇಳಿಕೊಡುತ್ತಿದ್ದಾನೆ.

ವೈದ್ಯಕೀಯ ಸಂಶೋಧನೆಯ ಪಠ್ಯಗಳಲ್ಲಿ ‘ಫೈನರ್’ ಎಂಬ ಐದಕ್ಷರದ ಸೂತ್ರವೊಂದಿದೆ: ಪ್ರಶ್ನೆ ಮಾಡಲು ಸಾಧ್ಯವಿರಬೇಕು, ಆಸಕ್ತಿ ಹುಟ್ಟಿಸಬೇಕು, ಹೊಸತಿರಬೇಕು, ನೈತಿಕವಾಗಿರಬೇಕು, ಪ್ರಯೋಜನಕ್ಕೆ ಬರಬೇಕು. ಬಾಯಿಪಾಠಕ್ಕೆ ಸುಲಭ. ಐದೂ ಸಮಾನವಲ್ಲ ಎಂಬುದು ನನ್ನ ಅಭಿಪ್ರಾಯ. ವಿದ್ಯಾರ್ಥಿಯ ಪ್ರಾಜೆಕ್ಟುಗಳನ್ನು ಕೊಲ್ಲುವುದು ಹೆಚ್ಚಾಗಿ ಮೊದಲನೆಯದೇ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೊಡುವ ಅಲ್ಪಾವಧಿ ಪ್ರಾಜೆಕ್ಟಿಗೆ ಇರುವುದು ಎರಡು ತಿಂಗಳು. ಎರಡು ತಿಂಗಳಲ್ಲಿ ಮುಗಿಯದ ಪ್ರಶ್ನೆ ಎಷ್ಟೇ ಘನವಾಗಿದ್ದರೂ ಅವರಿಗೆ ಕೆಟ್ಟ ಪ್ರಶ್ನೆ. ಕೊಟ್ಟಾರದ ವಿದ್ಯಾರ್ಥಿನಿ ‘ಮಂಗಳೂರಿನ ಎಲ್ಲ ರಾಜಕಾಲುವೆಗಳು’ ಎಂದು ಹೊರಡುವ ಬದಲು ಒಂದು ಚೌಕಿ, ಒಂದು ಮಳೆಗಾಲ ಎಂದದ್ದು ಸೋಮಾರಿತನವಲ್ಲ.

ಹೊಸತಿದೆಯೇ ಎಂದು ನೋಡುವುದು ಈಗ ಹಿಂದಿನಷ್ಟು ಕಷ್ಟವಿಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ‘ಶೋಧಗಂಗಾ’ ಭಂಡಾರದಲ್ಲಿ ಮನೆಯಲ್ಲೇ ಕೂತು ಓದಲು ಸಿಗುತ್ತವೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ್ದೂ ಅಲ್ಲಿವೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ನೀರಿನ ಬಗ್ಗೆ ಕೆಲಸ ಮಾಡಿದವರು ಇದ್ದಾರೆ. ಹಿಂದಿನವರು ಮಾಡಿಬಿಟ್ಟಿದ್ದಾರೆ ಎಂದು ಕಂಡರೆ ಎದೆ ಒಡೆದುಕೊಳ್ಳಬೇಕಿಲ್ಲ. ಪ್ರಬಂಧಗಳ ಕೊನೆಯ ಅಧ್ಯಾಯದಲ್ಲಿ ‘ಮುಂದಿನ ಅಧ್ಯಯನಕ್ಕೆ ಅವಕಾಶ’ ಎಂದು ಒಂದು ಪುಟ ಇರುತ್ತದೆ. ಬರೆದವರು ದಣಿದು ಬರೆದ ಪುಟ ಅದು, ಹೆಚ್ಚಿನವರು ಓದುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಬಂಧದಲ್ಲಿ ಹೊಸಬರಿಗೆ ಅತ್ಯಂತ ಉಪಯೋಗದ ಪುಟ ಅದೇ. ಅಲ್ಲಿ ಕೆಲವೊಮ್ಮೆ ಬರೆದವರಿಗೆ ನಿಜವಾಗಿ ಕೇಳಬೇಕೆನಿಸಿ ಕೇಳಲಾಗದೆ ಹೋದ ಪ್ರಶ್ನೆ ಸಿಕ್ಕಿಬಿಡುತ್ತದೆ.

ಶಾಲೆಯ ಮಕ್ಕಳು ಈ ವಿಷಯದಲ್ಲಿ ದೊಡ್ಡವರಿಗಿಂತ ಮೇಲು ಎಂದು ಹಲವು ಸಲ ಅನ್ನಿಸಿದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಮಕ್ಕಳು ತಮ್ಮೂರಿನ ಸಂಗತಿಯನ್ನೇ ಹಿಡಿದು, ಗುಂಪುಕಟ್ಟಿಕೊಂಡು ಕನ್ನಡದಲ್ಲೇ ಪ್ರಾಜೆಕ್ಟ್ ಮಾಡುತ್ತಾರೆ. ಅವರಿಗೆ ಅನುಲಕ್ಷಿಸಿ ಗಿನುಲಕ್ಷಿಸಿ ಗೊತ್ತಿಲ್ಲ. ನಮ್ಮ ಬಾವಿಯ ನೀರು ಏಪ್ರಿಲಿನಲ್ಲಿ ಮಾತ್ರ ಯಾಕೆ ಉಪ್ಪು ಎಂದು ನೇರ ಕೇಳುತ್ತಾರೆ.

ಕೊಟ್ಟಾರದ ಹುಡುಗಿಗೆ ಈ ಉಪ್ಪಿನ ಪ್ರಶ್ನೆಯಿಂದ ಒಂದು ಉಪಕಾರವಿದೆ. ಗೈಡ್ ಅವಳ ಹೊಸ ಪ್ರಶ್ನೆಗೆ ತಲೆಯಾಡಿಸುತ್ತಾರೆ, ಆದರೆ ಒಂದು ಕೊಕ್ಕೆ ಹಾಕುತ್ತಾರೆ: ‘ಈ ವರ್ಷ ಮಳೆ ಕೈಕೊಟ್ಟರೆ? ಇಡೀ ಸೀಸನ್ನಿಗೆ ಎರಡೇ ಜೋರು ಮಳೆ ಬಿದ್ದರೆ ಎಂತ ಮಾಡ್ತಿ?’ ನ್ಯಾಯವಾದ ಪ್ರಶ್ನೆ. ಪ್ರಕೃತಿಯನ್ನು ನಂಬಿದ ಪ್ರಾಜೆಕ್ಟಿಗೆ ಇನ್ನೊಂದು ಕಾಲು ಇರಬೇಕು.

ಇನ್ನೊಂದು ಕಾಲು ಇದು. ಉಬ್ಬರ ನಿಜವಾಗಿ ಚೌಕಿಯ ನೀರನ್ನು ತಡೆಯುತ್ತಿದ್ದರೆ ಅದರ ಕೈ ತೋಡಿನಲ್ಲಿ ಎಷ್ಟು ದೂರದವರೆಗೆ ಚಾಚುತ್ತದೆ? ಇದನ್ನು ನೋಡಲು ಮಳೆ ಬೇಕಿಲ್ಲ, ಮಳೆ ಇಲ್ಲದಿದ್ದರೇ ಒಳ್ಳೆಯದು. ಫೆಬ್ರವರಿಯ ಒಂದು ಹುಣ್ಣಿಮೆಯ ಆಸುಪಾಸಿನಲ್ಲಿ, ಉಬ್ಬರ ದೊಡ್ಡದಿರುವಾಗ, ಫಲ್ಗುಣಿಯ ಕಡೆಯಿಂದ ತೋಡಿನ ಗುಂಟ ಚೌಕಿಯತ್ತ ಬರುತ್ತ ಗೊತ್ತುಮಾಡಿದ ಜಾಗಗಳಲ್ಲಿ ನೀರಿನ ಮಟ್ಟ ಮತ್ತು ಉಪ್ಪು ಅಳೆಯಬೇಕು. ಉಪ್ಪು ಅಳೆಯುವ ಪೆನ್ನಿನಂಥ ಮೀಟರು ಕಾಲೇಜಿನ ಲ್ಯಾಬಿನಲ್ಲಿರುತ್ತದೆ. ಇಲ್ಲೊಂದು ಎಚ್ಚರ: ತೋಡಿಗೆ ಮನೆಗಳ, ಹೋಟೆಲುಗಳ ಕೊಳಚೆ ಸೇರಿದರೂ ಆ ಮೀಟರು ಏರುತ್ತದೆ, ಅದಕ್ಕೆ ಕಡಲಿನ ಉಪ್ಪಿಗೂ ಅಡುಗೆಮನೆಯ ನೀರಿಗೂ ಭೇದ ಗೊತ್ತಿಲ್ಲ. ಹಾಗಾಗಿ ಅದೇ ಜಾಗಗಳಲ್ಲಿ ಇಳಿತದ ಹೊತ್ತಿಗೂ ಅಳೆಯಬೇಕು, ಎರಡರ ವ್ಯತ್ಯಾಸವನ್ನೇ ನೋಡಬೇಕು. ಚೌಕಿಯ ಹತ್ತಿರ ವ್ಯತ್ಯಾಸ ಸೊನ್ನೆ ಬಂದರೂ ಮಟ್ಟ ಏರಿದ್ದರೆ ಅದು ಬೇರೆಯೇ ಸಂಗತಿ: ಉಪ್ಪುನೀರು ಅಲ್ಲಿಗೆ ತಲುಪದೆಯೂ ಸಿಹಿನೀರನ್ನು ಹಿಂದಕ್ಕೆ ಒತ್ತಬಹುದು. ಮೀಟರಿನ ಜೊತೆ ಒಂದು ಟೇಪೂ ಬೇಕಾಗುವುದು ಅದಕ್ಕೇ.